ಎಬ್ಬಿಸುವ ಕಷ್ಟ

ಮಕ್ಕಳನ್ನು ಮಲಗಿಸುವ ಕಷ್ಟ ಹೆತ್ತವರಿಗೆಲ್ಲ ಗೊತ್ತು. ಎಬ್ಬಿಸುವ ಕಷ್ಟ ಎಂಬುದೂ ಒಂದಿದೆ ಎಂದು ನನಗೆ ತಿಳಿದದ್ದು ಐವತ್ತಾರರ ವಯಸ್ಸಿನಲ್ಲಿ. 2022ರ ಆಟಿ ತಿಂಗಳು. ಹೊರಗೆ ಹಂಚು ಒಡೆದು ಹೋಗುವಂಥ ಮಳೆ. ನಾನು ಒಲೆಯ ಮುಂದೆ ನಿಂತು ಗಂಜಿಗೆ ಉಪ್ಪು ಹಾಕುತ್ತಿದ್ದೆ. ಉಪ್ಪರಿಗೆಯಿಂದ ಮಗಳ ಅಳು ತುಂಬಿದ ಸ್ವರ ಕೇಳಿತು: "ಏಳ್ತಾನೇ ಇಲ್ಲ ಅಮ್ಮ, ಏನು ಮಾಡಿದರೂ ಏಳ್ತಾ ಇಲ್ಲ!" ಮಗುವಿಗೆ ಏನಾಯಿತೋ ಎಂದು ನನ್ನ ಎದೆ ಧಸಕ್ಕೆಂದಿತು. ಸೌಟನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ. ಅರ್ಧ ದಾರಿಯಲ್ಲಿ ನೆನಪಾಯಿತು, ಮಗು ನನ್ನ ಸೊಂಟದಲ್ಲೇ ಇದೆ, ನನ್ನ ಕರಿಮಣಿ ಜಗಿಯುತ್ತಾ ಇದೆ!

ಏಳದೆ ಇದ್ದದ್ದು ಲ್ಯಾಪ್‌ಟಾಪಿನ ಒಳಗಿನ ಒಂದು ಆ್ಯಪ್.

ನಮ್ಮ ಊರು ಎರ್ಮಾಳು. ಉಡುಪಿಯಿಂದ ಮಂಗಳೂರಿಗೆ ಹೋಗುವಾಗ ಕಾಪು, ಉಚ್ಚಿಲ ಕಳೆದು ಪಡುಬಿದ್ರಿ ಬರುವ ಮೊದಲು ಸಿಗುತ್ತದೆ. ಹೆದ್ದಾರಿಯಲ್ಲಿ ಬಸ್ಸು ನಿಲ್ಲುವುದೇ ತಡ, ಕಣ್ಣು ಮಿಟುಕಿಸಿದರೆ ಊರು ದಾಟಿ ಹೋಗಿರುತ್ತದೆ. ಆದರೂ ನಮಗೆ ಅದರ ಹೆಮ್ಮೆ ಉಂಟು. ತುಳುನಾಡಿನ ಜಾತ್ರೆಗಳು ಎರ್ಮಾಳಿನಲ್ಲಿ ಶುರುವಾಗಿ ಖಂಡೇವಿನಲ್ಲಿ ಮುಗಿಯುತ್ತವೆ ಎಂದು ತುಳುವಿನಲ್ಲಿ ಮಾತೇ ಇದೆ. ನಮ್ಮ ಮನೆ ಹೆದ್ದಾರಿಯಿಂದ ಪಡುವಣಕ್ಕೆ, ಕಡಲಿನ ಕಡೆ. ಮಳೆಗಾಲದಲ್ಲಿ ಕಡಲು ಮೊರೆಯುವ ಸದ್ದಿಗೆ ಟಿ.ವಿ.ಯ ಸದ್ದು ಕೇಳುವುದಿಲ್ಲ. ಕರೆಂಟು ಇದ್ದರೆ ತಾನೇ ಟಿ.ವಿ., ಅದು ಬೇರೆ ಮಾತು.

ಹಿಂದೆಲ್ಲ ಹೊಸದಾಗಿ ಮದುವೆಯಾದ ಹುಡುಗಿ ಆಟಿಗೆ ತವರಿಗೆ ಬಂದು ಕೂರುವುದು ನಮ್ಮ ಕಡೆಯ ಪದ್ಧತಿ. ನನ್ನ ಮಗಳು ಹೊಸ ಮದುಮಗಳೇನಲ್ಲ, ಕಂಕುಳಲ್ಲಿ ಒಂದೂವರೆ ವರ್ಷದ ಕೂಸು. ಅಳಿಯ ಬೆಂಗಳೂರಿನಲ್ಲಿ. ಅವಳೂ ಅಲ್ಲೇ ಒಂದು ಕಂಪನಿಯಲ್ಲಿ ಆರು ವರ್ಷ ದುಡಿದವಳು. 2017ರಲ್ಲಿ ಕಾನೂನು ತಿದ್ದುಪಡಿಯಾಗಿ ಹೆರಿಗೆಯ ರಜೆ 26 ವಾರ ಆಯಿತಲ್ಲ, ಅದು ಅವಳಿಗೂ ಸಿಕ್ಕಿತು. ಸಿಗದೆ ಇದ್ದದ್ದು 27ನೆಯ ವಾರದಲ್ಲಿ ಮಗುವನ್ನು ನೋಡಿಕೊಳ್ಳುವ ಜನ. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದು ಅದೇ ಕಾನೂನು ಹೇಳುತ್ತಿತ್ತು. ಹೇಳುವುದೆಲ್ಲ ಇರುವುದಾದರೆ ನಾನು ಈ ಪ್ರಬಂಧ ಬರೆಯಬೇಕಾಗಿಯೇ ಇರಲಿಲ್ಲ. 2021ರ ಆಗಸ್ಟಿನಲ್ಲಿ ಅವಳು ರಾಜೀನಾಮೆ ಕೊಟ್ಟಳು. ಒಂದು ವರ್ಷ ಕಳೆದರೆ ಬಯೋಡೇಟಾದಲ್ಲಿ ತೂತು ಬೀಳುತ್ತದೆ, ಆಮೇಲೆ ಕರೆಯುವವರಿಲ್ಲ ಎಂಬ ಚಿಂತೆ ಅವಳನ್ನು ತಿನ್ನುತ್ತಿತ್ತು.

ಜುಲೈ 27ರ ಬುಧವಾರ ರಾತ್ರಿ ಅವಳಿಗೆ ಒಂದು ಪತ್ರ ಬಂತು, ಈಗಿನ ರೀತಿಯ ಪತ್ರ, ಈ-ಮೇಲು. ಬೆಂಗಳೂರಿನ ಯಾವುದೋ ಕಂಪನಿ. ಕ್ಲಿನಿಕ್ಕಿಗೆ ಮುಂಗಡವಾಗಿ ಹೆಸರು ಬರೆಸುವ ಒಂದು ಸಣ್ಣ ಆ್ಯಪನ್ನು ಕಳಿಸಿದ್ದಾರೆ. ಅದನ್ನು ತನ್ನ ಕಂಪ್ಯೂಟರಿನಲ್ಲಿ ನಡೆಯುವ ಹಾಗೆ ಮಾಡಿಕೊಂಡು, ಅದರೊಳಗೆ ಇರುವ ಎರಡು ದೋಷಗಳನ್ನು ಸರಿಮಾಡಿ, ಸೋಮವಾರ ಸಂಜೆ ಆರರ ಒಳಗೆ ಹಿಂದಿರುಗಿಸಬೇಕು.

"ಎರಡು ದೋಷ ಸರಿಮಾಡಲು ಐದು ದಿನ ಬೇಕಾ?" ಎಂದೆ.

"ಸರಿಮಾಡುವುದು ಅರ್ಧ ದಿನದ ಕೆಲಸ ಅಮ್ಮ. ಮೊದಲು ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಎಬ್ಬಿಸಬೇಕಲ್ಲ, ಅದೇ ದೊಡ್ಡ ರಗಳೆ" ಎಂದಳು.

ಆಗ ನಾನು ಹೇಳಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಅವಸರ ಎಂತ? ಮಗು ಸ್ವಲ್ಪ ದೊಡ್ಡದಾಗಲಿ" ಎಂದೆ. ಅವಳು ಏನೂ ಹೇಳದೆ ಮೇಲೆ ಹೋದಳು. ನಾನು ಪಾತ್ರೆ ತೊಳೆಯಲು ನಿಂತೆ. ಎರಡನೆಯ ಬಟ್ಟಲು ತೊಳೆಯುವಾಗ ಆ ಮಾತು ಎಲ್ಲೋ ಕೇಳಿದ್ದು ಅನಿಸಿತು. ಸ್ವರ ಕೂಡ ಗುರುತು ಸಿಕ್ಕಿತು. 1993ರಲ್ಲಿ, ಇದೇ ಅಡುಗೆಮನೆಯಲ್ಲಿ, ಇದೇ ಜಾಗದಲ್ಲಿ ನಿಂತು ನನ್ನ ಅತ್ತೆ ನನಗೆ ಹೇಳಿದ ಮಾತು ಅದು. ಆಗ ನಾನು ಒಂದು ಸಹಕಾರಿ ಸಂಘದಲ್ಲಿ ಟೈಪಿಸ್ಟ್. ಐದು ವರ್ಷದ ಸರ್ವಿಸು. ಮಗು ಸ್ವಲ್ಪ ದೊಡ್ಡದಾಯಿತು, ಆಮೇಲೆ ತುಂಬ ದೊಡ್ಡದಾಯಿತು, ಇಂಜಿನಿಯರೂ ಆಯಿತು. ನಾನು ಟೈಪ್‌ರೈಟರಿನ ಮುಂದೆ ಮತ್ತೆ ಕೂರಲಿಲ್ಲ. ಅತ್ತೆ ಕೆಟ್ಟವರಲ್ಲ, ನನ್ನ ಮೇಲೆ ಪ್ರೀತಿಯಿಂದಲೇ ಹೇಳಿದ್ದು. ನಾನು ಸಹ ಪ್ರೀತಿಯಿಂದಲೇ ಹೇಳಿದ್ದು.

ಕೈ ಒರೆಸಿಕೊಂಡು ಮೇಲೆ ಹೋದೆ. "ಸೋಮವಾರದವರೆಗೆ ಮಗು ನನ್ನದು" ಎಂದೆ.

ಈ ಎಬ್ಬಿಸುವುದು ಎಂದರೆ ಎಂತದ್ದು ಎಂದು ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ನಾವು ಫೋನಿನಲ್ಲಿ ಬಸ್ಸಿನ ಟಿಕೆಟೋ ಡಾಕ್ಟರರ ಹೊತ್ತೋ ಗೊತ್ತುಮಾಡುವಾಗ ನಮಗೆ ಕಾಣುವುದು ಒಂದು ಮುಖ ಮಾತ್ರ. ಅದರ ಹಿಂದೆ, ಕೇಳಿದ್ದಕ್ಕೆ ಉತ್ತರ ಹೇಳುವ ಒಂದು ಪ್ರೋಗ್ರಾಂ ಇರುತ್ತದೆ, ಅದಕ್ಕೆ ಸರ್ವರ್ ಎನ್ನುತ್ತಾರೆ. ಅದಕ್ಕೂ ಹಿಂದೆ ಹೆಸರು, ತಾರೀಖು, ದುಡ್ಡಿನ ಲೆಕ್ಕ ಎಲ್ಲವನ್ನೂ ಜೋಡಿಸಿ ಇಟ್ಟ ಉಗ್ರಾಣ, ಡೇಟಾಬೇಸ್. ಈ ಎರಡೂ ಎಲ್ಲೋ ದೂರದ ಊರಿನ ದೊಡ್ಡ ಯಂತ್ರಗಳಲ್ಲಿ ಇರುತ್ತವೆ. ಹೊಸದಾಗಿ ಏನಾದರೂ ಸೇರಿಸಬೇಕು, ತಪ್ಪು ತಿದ್ದಬೇಕು ಎಂದರೆ ಅಲ್ಲಿ ಹೋಗಿ ಕೈಹಾಕುವ ಹಾಗಿಲ್ಲ, ಸಾವಿರಾರು ಜನ ಅದೇ ಹೊತ್ತಿಗೆ ಅದನ್ನು ಬಳಸುತ್ತಾ ಇರುತ್ತಾರೆ. ಆದ್ದರಿಂದ ಮುಖ, ಸರ್ವರು, ಉಗ್ರಾಣ ಮೂರನ್ನೂ ತನ್ನ ಒಂದೇ ಲ್ಯಾಪ್‌ಟಾಪಿನ ಒಳಗೆ ಹೂಡಿಕೊಳ್ಳಬೇಕು. ಅಲ್ಲಿ ಎಷ್ಟು ಸಲ ತಪ್ಪಿದರೂ, ಎಲ್ಲ ಬಿದ್ದು ಚೂರಾದರೂ, ಹೊರಗಿನ ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ.

ಚಿಕ್ಕವಳಿದ್ದಾಗ ನಾನು ಮೇಳದ ಆಟ ನೋಡಲು ಹೋದರೆ ರಂಗಸ್ಥಳದ ಮುಂದೆ ಕೂರುವ ಬದಲು ಚೌಕಿಯ ಪರದೆಯ ಸಂದಿಯಲ್ಲಿ ಇಣುಕುತ್ತಿದ್ದೆ. ಅರ್ಧ ಮುಖಕ್ಕೆ ಚುಟ್ಟಿ ಇಟ್ಟ ರಾಕ್ಷಸ ಬನಿಯನಿನಲ್ಲಿ ಕೂತು ಚಾ ಕುಡಿಯುತ್ತಿದ್ದ. ಅಕ್ಕಿಹಿಟ್ಟಿನ ಚುಟ್ಟಿ ಒಂದು ಸಾಲು ಸೊಟ್ಟವಾದರೆ ಒರೆಸಿ ಮತ್ತೆ ಇಡುತ್ತಿದ್ದ. ಯಾರೂ ನಗುತ್ತಿರಲಿಲ್ಲ. ರಂಗಸ್ಥಳಕ್ಕೆ ಬಂದಾಗ ಮಕ್ಕಳು ಬೊಬ್ಬೆ ಹೊಡೆದು ಅಡಗಿಕೊಳ್ಳಬೇಕು, ಹಾಗಿರುತ್ತಿತ್ತು. "ಹಾಗಾದರೆ ನೀನೀಗ ಚೌಕಿ ಕಟ್ಟುತ್ತಿದ್ದಿ" ಎಂದೆ ಮಗಳಿಗೆ. ಅವಳು ನಕ್ಕಳು. ಆ ಐದು ದಿನಗಳಲ್ಲಿ ಅವಳು ನಕ್ಕದ್ದು ಲೆಕ್ಕದ ಸಲ, ಹಾಗಾಗಿ ನೆನಪಿದೆ.

ಗುರುವಾರ ಆಟಿ ಅಮಾವಾಸ್ಯೆ. ಸೂರ್ಯ ಹುಟ್ಟುವ ಮೊದಲೇ ಇವರು ಹೋಗಿ ಪಾಲೆ ಮರದ ಕೆತ್ತೆ ತಂದರು. ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಗುದ್ದಿ ತೆಗೆಯಬೇಕು. ಅದಕ್ಕಿಂತ ಮುಖ್ಯ, ಮರ ಸರಿಯಾಗಿ ಗುರುತು ಇರಬೇಕು. ಬೇರೆ ಮರದ ಕೆತ್ತೆ ಕುಡಿದರೆ ಜೀವಕ್ಕೇ ಅಪಾಯ. ಕಷಾಯಕ್ಕೆ ಕಾದ ಬೆಣಚುಕಲ್ಲು ಹಾಕಿ, ಓಮ ಬೆಳ್ಳುಳ್ಳಿ ಒಗ್ಗರಿಸಿ ಮಗಳಿಗೆ ಕೊಟ್ಟರೆ, ಅವಳು ಮುಖ ಕಿವುಚಿ ಕುಡಿದು "ಇಲ್ಲಿಯೂ ಅದೇ ಕತೆ" ಎಂದಳು. ಅವಳ ಲ್ಯಾಪ್‌ಟಾಪಿನಲ್ಲಿ ನೋಡ್ ಎಂಬುದರ 12ನೆಯ ಆವೃತ್ತಿ ಇತ್ತಂತೆ, ಈ ಆ್ಯಪಿಗೆ 16 ಬೇಕಂತೆ. ಹೆಸರು ಒಂದೇ, ಕೆತ್ತೆ ಬೇರೆ. 12ನ್ನು ತೆಗೆದು 16 ಹಾಕಿದರೆ ಹಳೆಯ ಕೆಲಸಗಳು ನಿಲ್ಲುತ್ತವೆ. ಎರಡನ್ನೂ ಇಟ್ಟುಕೊಂಡು ಬೇಕಾದಾಗ ಬೇಕಾದ್ದನ್ನು ತೆಗೆಯಲು ಬೇರೊಂದು ಉಪಾಯ ಉಂಟು. ಬೆಳ್ತಿಗೆಗೂ ಕುಚ್ಚಲಕ್ಕಿಗೂ ಒಂದೇ ಅಳತೆಯ ನೀರು ಇಟ್ಟರೆ ಏನಾದೀತು ಎಂದು ಬಲ್ಲವರಿಗೆ ಇದು ಹೊಸತಲ್ಲ.

ಆಮೇಲೆ ಸಾಮಾನು ತರಿಸುವ ಕೆಲಸ. ಈಗ ಯಾರೂ ಒಂದು ಆ್ಯಪನ್ನು ಸೊನ್ನೆಯಿಂದ ಬರೆಯುವುದಿಲ್ಲವಂತೆ. ಬೇರೆಯವರು ಬರೆದು ಪುಕ್ಕಟೆ ಬಿಟ್ಟಿರುವ ಸಣ್ಣ ಸಣ್ಣ ತುಣುಕುಗಳನ್ನು ತರಿಸಿಕೊಂಡು ಜೋಡಿಸುತ್ತಾರೆ. ಮೂವತ್ತು ತುಣುಕು ಬೇಕು ಎಂದು ಪಟ್ಟಿ ಕೊಟ್ಟರೆ ಅವು ತಮ್ಮ ನೆಂಟರನ್ನು, ನೆಂಟರು ತಮ್ಮ ನೆಂಟರನ್ನು ಕರೆದುಕೊಂಡು ನೂರುಗಟ್ಟಲೆ ಬಂದು ಇಳಿಯುತ್ತವೆ. ಗೃಹಪ್ರವೇಶದ ಊಟವೇ ಸೈ. ಇದರಲ್ಲಿ ಒಂದು ತಮಾಷೆ ಹೇಳಿದಳು. 2016ರ ಮಾರ್ಚಿನಲ್ಲಿ, ಬರೇ 11 ಸಾಲಿನ ಒಂದು ತುಣುಕನ್ನು ಅದರ ಲೇಖಕ ಏನೋ ಜಗಳವಾಗಿ ಹಿಂದೆ ತೆಗೆದುಕೊಂಡನಂತೆ. ಅಕ್ಷರಗಳ ಎಡಗಡೆ ಖಾಲಿ ಜಾಗ ಬಿಡುವ ಕೆಲಸ ಅಷ್ಟೇ ಅದರದ್ದು. ಜಗತ್ತಿನಾದ್ಯಂತ ಸಾವಿರಾರು ಕಡೆ ಕೆಲಸ ನಿಂತುಹೋಯಿತು! ಸಾಸಿವೆ ಇಲ್ಲ ಎಂದು ಮದುವೆಯೂಟ ನಿಂತ ಹಾಗೆ.

ನಮ್ಮಲ್ಲಿ ನಿಂತದ್ದು ಬೇರೆ ಕಾರಣಕ್ಕೆ. ಗಾಳಿಗೆ ತೆಂಗಿನ ಮಡಲು ಬಿದ್ದು ಇಂಟರ್‌ನೆಟ್ಟಿನ ತಂತಿ ತುಂಡಾಗಿತ್ತು. ಫೋನಿನ ಇಂಟರ್‌ನೆಟ್ಟನ್ನೇ ಲ್ಯಾಪ್‌ಟಾಪಿಗೆ ಕೊಡಬೇಕು, ಅದಕ್ಕೆ ದಿನಕ್ಕೆ ಒಂದೂವರೆ ಜಿ.ಬಿ. ಮಿತಿ, ಸಿಗ್ನಲ್ಲು ಸಿಗುವುದು ಉಪ್ಪರಿಗೆಯ ಮೂಡಣ ಕಿಟಕಿಯ ಎಡಮೂಲೆಯಲ್ಲಿ ಮಾತ್ರ. ಫೋನನ್ನು ಒಂದು ಪಾವಿನಲ್ಲಿ ನಿಲ್ಲಿಸಿ ಕಿಟಕಿಯಲ್ಲಿ ಇಟ್ಟೆವು. ಮೊದಲು ಅವಳು ಡಾಕರ್ ಎಂಬುದನ್ನು ತರಿಸಿದಳು. 2013ರಲ್ಲಿ ಬಂದದ್ದಂತೆ. ಪಣಂಬೂರಿನ ಬಂದರಿನಿಂದ ನಮ್ಮ ಹೆದ್ದಾರಿಯಲ್ಲಿ ಕಂಟೈನರ್ ಹೊತ್ತ ಲಾರಿಗಳು ಹೋಗುತ್ತವಲ್ಲ, ಅದೇ ಉಪಾಯ: ಪ್ರೋಗ್ರಾಮಿಗೆ ಬೇಕಾದ ಸಕಲ ಸರಂಜಾಮನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕೊಡುವುದು, ಪೆಟ್ಟಿಗೆ ಯಾವ ಊರಿನ ಯಾವ ಯಂತ್ರದಲ್ಲಿ ಇಳಿದರೂ ಒಳಗಿನದ್ದು ಒಂದೇ ರೀತಿ ನಡೆಯಬೇಕು. ನಮ್ಮಲ್ಲಿ ಮೀನಿನ ಪಾತ್ರೆ ಬೇರೆ, ನಾಗರಪಂಚಮಿಯ ಪಾತ್ರೆ ಬೇರೆ ಇಡುವುದಿಲ್ಲವೇ, ಒಂದರ ವಾಸನೆ ಇನ್ನೊಂದಕ್ಕೆ ಹತ್ತದ ಹಾಗೆ. ಒಳ್ಳೆಯ ಉಪಾಯವೇ. ಆದರೆ ಪೆಟ್ಟಿಗೆ ಇಳಿಸಲು ಅಂಗಳ ದೊಡ್ಡದಿರಬೇಕು. ಅವಳ ಹಳೆಯ ಲ್ಯಾಪ್‌ಟಾಪು ಮಿಕ್ಸಿಯ ಹಾಗೆ ಬೊಬ್ಬೆ ಹೊಡೆದು, ಬಿಸಿಯಾಗಿ, ಸ್ತಬ್ಧವಾಯಿತು. ಆ ದಿನದ ಒಂದೂವರೆ ಜಿ.ಬಿ.ಯೂ ಮುಗಿದಿತ್ತು.

"ಪೆಟ್ಟಿಗೆ ಬೇಡ, ಒಂದೊಂದೇ ಕೈಯಲ್ಲಿ ಕಟ್ಟುತ್ತೇನೆ" ಎಂದು ಶುಕ್ರವಾರ ಬೆಳಿಗ್ಗೆ ಎದ್ದು ಕೂತಳು. ಹತ್ತು ಗಂಟೆಗೆ ಕರೆಂಟು ಹೋಯಿತು. ನಮ್ಮ ಇನ್ವರ್ಟರಿಗೆ ನಾಲ್ಕು ಬಲ್ಬಿನ ಶಕ್ತಿ. ಲ್ಯಾಪ್‌ಟಾಪಿನ ಬ್ಯಾಟರಿ ಮಧ್ಯಾಹ್ನಕ್ಕೆ ಸತ್ತಿತು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಚೀಲದಲ್ಲಿ ಹಾಕಿ, ಕೊಡೆ ಹಿಡಿದು ನಾಲ್ಕು ಮನೆಯಾಚೆ ಜನರೇಟರ್ ಇರುವ ಮನೆಗೆ ನಾನೇ ಹೊತ್ತುಕೊಂಡು ಹೋಗಿ ಚಾರ್ಜಿಗೆ ಇಟ್ಟು ಬಂದೆ. ಆ ಮನೆಯ ಅಕ್ಕ ಒಳ್ಳೆಯವರು, ಚಾ ಕೊಟ್ಟರು. ಜೊತೆಗೆ "ಮಗು ಅಲ್ಲಿ ಅಳುವುದು ಇಲ್ಲಿಗೆ ಕೇಳುತ್ತದೆ. ಈಗಿನ ಹುಡುಗಿಯರಿಗೆ ಅದೆಂಥ ಕಂಪ್ಯೂಟರಿನ ಮರುಳೋ" ಎಂದು ಒಂದು ಮಾತನ್ನೂ ಕೊಟ್ಟರು. ನಾನು ಚಾ ಮಾತ್ರ ಕುಡಿದೆ.

ಆ ರಾತ್ರಿ ಚಿಮಣಿ ದೀಪದಲ್ಲಿ ಮಗುವನ್ನು ನಡುವೆ ಮಲಗಿಸಿಕೊಂಡು ನಾವಿಬ್ಬರೂ ಮಾತಾಡಿದೆವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಎನಿಯಾಕ್ ಎಂಬ ಗಣಕಕ್ಕೆ ಮೊದಲು ಪ್ರೋಗ್ರಾಂ ಮಾಡಿದವರು ಆರು ಮಂದಿ ಹೆಂಗಸರಂತೆ. ಯುದ್ಧಕಾಲದ ಗುಟ್ಟಿನ ಕೆಲಸವಾದ್ದರಿಂದ ಶುರುವಿಗೆ ಅವರನ್ನು ಯಂತ್ರ ಇರುವ ಕೋಣೆಗೇ ಬಿಡಲಿಲ್ಲ. ತಂತಿ ಜೋಡಣೆಯ ನಕ್ಷೆಗಳನ್ನು ಕೈಗೆ ಕೊಟ್ಟು ಕಲಿಯಿರಿ ಎಂದರು. ಅವರು ಕಾಗದ ನೋಡಿಯೇ ಯಂತ್ರವನ್ನು ಕಲಿತರು. 1946ರ ಫೆಬ್ರವರಿಯಲ್ಲಿ ಅದನ್ನು ಜಗತ್ತಿಗೆ ತೋರಿಸಿದ ದಿನ ಎಲ್ಲವೂ ಸರಿಯಾಗಿ ನಡೆಯಿತು. ರಾತ್ರಿಯ ಔತಣಕ್ಕೆ ಅವರಿಗೆ ಕರೆ ಇರಲಿಲ್ಲ.

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಅವಳಿಗೆ ಎಂದೂ ಹೇಳದ ಒಂದು ಸಂಗತಿ ಹೇಳಿದೆ. ನಾನು ಉಡುಪಿಯಲ್ಲಿ ಟೈಪಿಂಗ್ ಕಲಿಯಲು ಸೇರಿದ್ದು ಪಿ.ಯು.ಸಿ. ಮುಗಿಸಿ. ದಿನಕ್ಕೆ ಒಂದು ಗಂಟೆ ಮಾತ್ರ ಯಂತ್ರ ಸಿಗುತ್ತಿತ್ತು. ಮನೆಯಲ್ಲಿ ಅಭ್ಯಾಸಕ್ಕೆ ಯಂತ್ರ ಎಲ್ಲಿಂದ ತರುವುದು? ಚಪ್ಪಲಿಯ ಡಬ್ಬದ ರಟ್ಟು ಹರಿದು, ಅದರ ಮೇಲೆ ಶಾಯಿಯಲ್ಲಿ ವೃತ್ತ ಬರೆದು, ಒಳಗೆ ಅಕ್ಷರ ಬರೆದು ಕೀಲಿಮಣೆ ಮಾಡಿಕೊಂಡಿದ್ದೆ. ದನ ಕರೆದು ಬಂದ ಮೇಲೆ ರಾತ್ರಿ ಅದರ ಮೇಲೆ ಬೆರಳು ಓಡಿಸುತ್ತಿದ್ದೆ: ಎ ಎಸ್ ಡಿ ಎಫ್ ಜಿ ಎಫ್. ಸದ್ದೂ ಇಲ್ಲ, ಕಾಗದವೂ ಇಲ್ಲ, ತಪ್ಪಿದರೆ ಬೈಯುವ ಮಾಸ್ತರರೂ ಇಲ್ಲ. ಪರೀಕ್ಷೆಯಲ್ಲಿ ಪಾಸಾದದ್ದು ಆ ರಟ್ಟಿನಿಂದ.

"ಅಮ್ಮ, ನಿನ್ನದೇ ಮೊದಲ ಲೋಕಲ್‌ಹೋಸ್ಟ್" ಎಂದಳು ಅವಳು ಕತ್ತಲಲ್ಲಿ.

ಅದೆಂಥದು ಎಂದು ಕೇಳಿದ್ದಕ್ಕೆ ಹೇಳಿದಳು. ಇಂಟರ್‌ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಸಂಖ್ಯೆಯ ವಿಳಾಸ ಇರುತ್ತದಷ್ಟೆ. 127.0.0.1 ಎಂಬ ವಿಳಾಸಕ್ಕೆ ಕಾಗದ ಹಾಕಿದರೆ ಅದು ಹೊಸಿಲು ದಾಟುವುದೇ ಇಲ್ಲ, ಹಾಕಿದ ಯಂತ್ರಕ್ಕೇ ಮರಳಿ ಬರುತ್ತದೆ. ಆ ವಿಳಾಸಕ್ಕೆ ಇಟ್ಟ ಹೆಸರು ಲೋಕಲ್‌ಹೋಸ್ಟ್. ತಾನೇ ಮನೆಯಾಕೆ, ತಾನೇ ಅತಿಥಿ. 127ರಿಂದ ಆರಂಭವಾಗುವ ವಿಳಾಸಗಳೆಲ್ಲ, ಸುಮಾರು 1 ಕೋಟಿ 67 ಲಕ್ಷ, ಹೀಗೆ ತನ್ನೊಳಗೆ ತಾನು ಮಾತಾಡಿಕೊಳ್ಳಲಿಕ್ಕೇ ಮೀಸಲಂತೆ. ಎಷ್ಟು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಿದ್ದಾರೆ ಅನಿಸಿತು. ನಮ್ಮ ಮನೆಗಳಲ್ಲಿ ಹೆಂಗಸಿಗೆ ಅಂಥದೊಂದು ಮೂಲೆ ಸಿಗುವುದಕ್ಕೆ ಎಷ್ಟು ಕಷ್ಟ.

ಶನಿವಾರ ಕರೆಂಟು ಬಂತು. ನಾನು ಗಂಜಿಗೆ ಉಪ್ಪು ಹಾಕುವಾಗ ಬೊಬ್ಬೆ ಕೇಳಿದ್ದೂ ಆ ದಿನವೇ. ಮೇಲೆ ಹೋಗಿ ನೋಡಿದರೆ ಮಗಳ ಕಣ್ಣು ಕೆಂಪು. ಮೂರು ಸಲ ಬೇರೆ ಬೇರೆ ತಪ್ಪು ಬಂದು ಸರಿಯಾಯಿತಂತೆ. ಒಂದು ಸಲವಂತೂ, ಆ್ಯಪ್ ಕೂರಬೇಕಾದ ಜಾಗದಲ್ಲಿ ಅವಳೇ ಹಿಂದೆ ಎಬ್ಬಿಸಲು ನೋಡಿ ನಿಲ್ಲಿಸಲು ಮರೆತದ್ದು ಇನ್ನೂ ಕೂತಿತ್ತಂತೆ. ಬಸ್ಸಿನ ಸೀಟಿಗೆ ಬೈರಾಸು ಹಾಕಿ ಇಳಿದು ಹೋದವರ ಹಾಗೆ. ಆದರೆ ಈಗ ಬಂದಿರುವ ತಪ್ಪು ಮಾತ್ರ ಜಪ್ಪಯ್ಯ ಎಂದರೂ ಹೋಗುತ್ತಿಲ್ಲ. ಉಗ್ರಾಣವೇ ಇಲ್ಲ ಎನ್ನುತ್ತದೆ ಯಂತ್ರ. "ಇದೆ, ನಾನೇ ಮಾಡಿದ್ದೇನೆ, ನೋಡು ಇಲ್ಲಿ ಪಟ್ಟಿಯಲ್ಲಿ ಕಾಣ್ತಾ ಉಂಟು" ಎನ್ನುತ್ತಾಳೆ ಇವಳು. ಅತ್ತೆ ಸೊಸೆಯರ ವಾದದ ಹಾಗೆ, ಇದೆ, ಇಲ್ಲ, ಇದೆ, ಇಲ್ಲ.

ಇಂಥ ಕೆಲಸ ಕೊಡುವಾಗ 'ಇದನ್ನು ಓದಿ' ಎಂಬ ಒಂದು ಕಡತವನ್ನೂ ಇಟ್ಟಿರುತ್ತಾರೆ, ಹೇಗೆ ಎಬ್ಬಿಸಬೇಕು ಎಂಬ ವಿವರ ಅದರಲ್ಲಿ. ಅದನ್ನು ಬರೆಯುವವರು ಎಲ್ಲ ಬಲ್ಲವರು, ಅದೇ ತೊಂದರೆ. ನನ್ನ ಅತ್ತೆ ಪತ್ರೊಡೆ ಹೇಳಿಕೊಟ್ಟ ರೀತಿ. "ಅಕ್ಕಿ ನೆನೆಹಾಕು, ಮಸಾಲೆ ಕಡೆ, ಎಲೆಗೆ ಹಚ್ಚು, ಬೇಯಿಸು." ಹುಳಿ ಸ್ವಲ್ಪ ಮುಂದಿರದಿದ್ದರೆ ಗಂಟಲು ತುರಿಸುತ್ತದೆ ಎಂದು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ಹೇಳಬೇಕಾದ ಮಾತು ಎಂದೇ ಅವರಿಗೆ ತೋಚಿರಲಿಕ್ಕಿಲ್ಲ. ಮನೆಯವರೆಲ್ಲ ಗಂಟಲು ಕೆರೆದುಕೊಂಡ ಮೇಲೆ ನಾನು ಕಲಿತೆ, ಎಲ್ಲರ ಮುಂದೆ. ಈ ಕಡತದಲ್ಲಿಯೂ ಉಗ್ರಾಣದ ಹೆಸರು, ಗುಟ್ಟಿನ ಪದ ಎಲ್ಲವನ್ನೂ ನೀವೇ ಒಂದು ಕಡೆ ಬರೆದಿಡಬೇಕು ಎಂಬ ಮಾತು ಇರಲೇ ಇಲ್ಲ. ಅದನ್ನು ಮಗಳು ಅರ್ಧ ದಿನ ಹುಡುಕಿ ಕಂಡುಹಿಡಿದಿದ್ದಳು.

"ನಾನು ಒಂದು ಸಲ ನೋಡಲಾ?" ಎಂದೆ.

"ನಿನಗೆಂತ ಗೊತ್ತಾಗುತ್ತದೆ ಅಮ್ಮ" ಎಂದವಳು ಮರುಕ್ಷಣವೇ ಸರಿದು ಜಾಗ ಕೊಟ್ಟಳು.

ನಮ್ಮ ಸಂಘದಲ್ಲಿ ಲೆಕ್ಕಪತ್ರ ಟೈಪ್ ಮಾಡಿದ ಮೇಲೆ ಒಬ್ಬರು ಮೂಲ ಓದುವುದು, ಇನ್ನೊಬ್ಬರು ಪ್ರತಿ ನೋಡುವುದು ಎಂಬ ಕ್ರಮ ಇತ್ತು. ಅರ್ಥ ನೋಡಬಾರದು, ಅಕ್ಷರ ಅಕ್ಷರ ನೋಡಬೇಕು. ಅರ್ಥ ನೋಡಿದರೆ ಕಣ್ಣು ಮೋಸ ಮಾಡುತ್ತದೆ. ಕನ್ನಡಕ ಏರಿಸಿ ಅವಳಿಗೆ ಪಟ್ಟಿಯಲ್ಲಿ ಇರುವ ಹೆಸರನ್ನು ಅಕ್ಷರ ಬಿಡಿಸಿ ಓದಲು ಹೇಳಿದೆ. ನಾನು ಅವಳು ಬರೆದಿಟ್ಟ ಕಡತ ನೋಡುತ್ತಾ ಹೋದೆ. ಸಿ, ಎಲ್, ಐ, ಎನ್, ಐ, ಸಿ. ಆಮೇಲೆ ಒಂದು ಗೆರೆ. ಡಿ, ಇ, ವಿ.

"ಗೆರೆ ಎಲ್ಲಿ ಇದೆ? ಮಧ್ಯದಲ್ಲೋ, ಕೆಳಗೋ?" ಎಂದೆ.

"ಕೆಳಗೆ."

"ಇಲ್ಲಿ ಮಧ್ಯದಲ್ಲಿ ಉಂಟು ಮಗಾ."

ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಒಂದು ಗೆರೆ ತೆಗೆದು ಕೆಳಗೆ ಹಾಕಿದಳು. ಮತ್ತೆ ಎಬ್ಬಿಸಿದಳು. ಕಪ್ಪು ಪರದೆಯಲ್ಲಿ ಅಕ್ಷರಗಳು ಸರಸರನೆ ಓಡಿ ನಿಂತವು. ಆಮೇಲೆ ಬಿಳಿ ಪುಟದಲ್ಲಿ ಒಂದು ನೀಲಿ ಬಟನ್ನು, ಎರಡು ಖಾಲಿ ಚೌಕ. ಎದ್ದಿತ್ತು! ನಾವಿಬ್ಬರೂ ಬೊಬ್ಬೆ ಹೊಡೆದ ಹೊಡೆತಕ್ಕೆ ಕೆಳಗೆ ಮಲಗಿದ್ದ ಮಗುವೂ ಎದ್ದಿತು, ಇವರೂ ಎದ್ದು ಬಂದರು. ಪುಟವನ್ನು ನೋಡಿ "ಇಷ್ಟೇಯಾ?" ಎಂದರು. ಮೂರು ದಿನ ಒದ್ದಾಡಿ ಒಂದು ಬಟನ್ನು. ಗಂಡಸರಿಗೆ ಹೇಗೆ ವಿವರಿಸುವುದು, ನಾವೂ ವಿವರಿಸಲಿಲ್ಲ.

ಎದ್ದ ಆ್ಯಪಿನ ಉಗ್ರಾಣ ಖಾಲಿ ಇರುತ್ತದೆ. ಪರೀಕ್ಷೆಗೆ ಸುಳ್ಳು ರೋಗಿಗಳನ್ನು ತುಂಬಬೇಕು. ಆ ಕೆಲಸವನ್ನು ಅವಳು ನನಗೆ ಬಿಟ್ಟಳು. ಎಷ್ಟೋ ವರ್ಷದ ಮೇಲೆ ನನ್ನ ಬೆರಳುಗಳು ಕೀಲಿಯ ಮೇಲೆ ಕೂತವು, ಮೊದಲು ನಡುಗಿದವು, ಆಮೇಲೆ ಅವಕ್ಕೇ ನೆನಪಾಯಿತು. ಮೀನುಗಾರಿಕೆಗೆ ನಿಷೇಧದ ತಿಂಗಳು, ಮನೆಯಲ್ಲಿ ಹಸಿಮೀನು ಕಾಣದೆ ದಿನಗಳಾಗಿದ್ದವು. ಆ ಆಸೆಯಲ್ಲೋ ಏನೋ ನಾನು ರೋಗಿಗಳಿಗೆ ಬಂಗುಡೆ, ಬೂತಾಯಿ, ಕಾಣೆ, ನಂಗು ಎಂದು ಹೆಸರಿಟ್ಟೆ. ಡಾಕ್ಟರರ ಹೆಸರು ಅಂಜಲ್. ದೊಡ್ಡ ಮೀನಿಗೆ ದೊಡ್ಡ ಹುದ್ದೆ.

ಭಾನುವಾರ ಅವಳು ಆ ಎರಡು ದೋಷಗಳನ್ನು ಮಧ್ಯಾಹ್ನದೊಳಗೆ ಸರಿಮಾಡಿದಳು, ತಾನು ಹೇಳಿದ ಹಾಗೆಯೇ. ಆದರೆ ರಾತ್ರಿ ಮಗು ಮಲಗಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ ಎಂದು ಕೂತವಳು ಎರಡು ಗಂಟೆಗೆ ನನ್ನನ್ನು ಎಬ್ಬಿಸಿದಳು. "ಅಮ್ಮ, ಬೂತಾಯಿಗೆ ಸೋಮವಾರ ಎಂದು ಬರೆದರೆ ಭಾನುವಾರ ಅಂತ ಬೀಳ್ತದೆ!" ಕಂಪನಿಯವರು ಹೇಳದೆ ಇದ್ದ ಮೂರನೆಯ ದೋಷ. ಕಾರಣ ಸುಲಭ. ಆ ಆ್ಯಪು ಇಂಗ್ಲೆಂಡಿನ ಗ್ರೀನಿಚ್ಚಿನ ಗಡಿಯಾರ ನೋಡಿ ತಾರೀಖು ಬರೆದುಕೊಳ್ಳುತ್ತಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಡುರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯವರೆಗೆ ಅಲ್ಲಿ ಇನ್ನೂ ನಿನ್ನೆ. ಹಗಲಲ್ಲಿ ಆಫೀಸಿನಲ್ಲಿ ಕೂತು ಪರೀಕ್ಷೆ ಮಾಡುವವರಿಗೆ ಈ ತಪ್ಪು ಜನ್ಮದಲ್ಲಿ ಕಾಣುವುದಿಲ್ಲ. ಮಗು ಮಲಗಿದ ಮೇಲೆ ಕೆಲಸಕ್ಕೆ ಕೂರುವವರಿಗೆ ಮಾತ್ರ ಕಾಣುತ್ತದೆ.

ಸೋಮವಾರ ಐದು ಮುಕ್ಕಾಲಿಗೆ ಕರೆಂಟು ಹೋಯಿತು. ಹೋಗದೆ ಇದ್ದರೆ ಆಶ್ಚರ್ಯ. ಬ್ಯಾಟರಿ ಇತ್ತು, ಪಾವಿನಲ್ಲಿ ಫೋನು ನಿಂತಿತ್ತು. ಕಳಿಸುವಾಗ ಇಡೀ ಆ್ಯಪ್ ಹೋಗುವುದಿಲ್ಲ, ಬದಲಾದ ಸಾಲುಗಳಷ್ಟೇ ಹೋಗುತ್ತವೆ. ಗಿಟ್ ಎಂಬ ವ್ಯವಸ್ಥೆ, 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬವರು ಮಾಡಿದ್ದು. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಐದು ದಿನದ ಒದ್ದಾಟ ಅರ್ಧ ನಿಮಿಷದಲ್ಲಿ ಕಿಟಕಿಯ ಎಡಮೂಲೆಯಿಂದ ಹಾರಿಹೋಯಿತು. ಮರುದಿನ ನಾಗರಪಂಚಮಿ. ನಾಗಬನಕ್ಕೆ ತನು ಹಾಕಲು ಹೋಗಬೇಕು, ಅರಸಿನೆಲೆಯ ಗಟ್ಟಿಗೆ ಅಕ್ಕಿ ಕಡೆಯಬೇಕು. ಮಗಳು ಅಲ್ಲೇ ನೆಲದ ಮೇಲೆ ಬಿದ್ದು ನಿದ್ದೆ ಹೋದಳು, ನಾನು ಎಬ್ಬಿಸಲಿಲ್ಲ.

ಹತ್ತು ದಿನದ ಮೇಲೆ ಆ ಕಂಪನಿಯವರು ಕರೆದು ಒಂದು ಗಂಟೆ ಮಾತಾಡಿದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಹೊರಗೆ ನಿಂತಿದ್ದೆ. ತಾರೀಖಿನ ದೋಷ ಹೇಗೆ ಕಂಡಿತು ಎಂದು ಕೇಳಿದರು. "ರಾತ್ರಿ ಎರಡು ಗಂಟೆಗೆ ಕೆಲಸ ಮಾಡುತ್ತಿದ್ದೆ" ಎಂದಳು. ಯಾಕೆ ಆ ಹೊತ್ತಿಗೆ ಎಂದು ಅವರು ಕೇಳಲಿಲ್ಲ. ಇನ್ನೊಬ್ಬರು ಗಂಟಲು ಸರಿಮಾಡಿಕೊಂಡು, "ಈ ಬಂಗುಡೆ ಯಾರು?" ಎಂದರು. ಸುಳ್ಳು ರೋಗಿಗಳ ಪಟ್ಟಿಯನ್ನು ಅಳಿಸಲು ಅವಳು ಮರೆತಿದ್ದಳು. ವಾರಕ್ಕೆ ಐದು ದಿನ ಆಫೀಸಿಗೇ ಬರಬೇಕು ಎಂದರು, ಇವಳಿಂದ ಆಗಲಿಲ್ಲ, ಅದು ಅಲ್ಲಿಗೆ ನಿಂತಿತು. ಅವಳು ಎರಡು ದಿನ ಮಂಕಾಗಿದ್ದಳು. ಸೆಪ್ಟೆಂಬರಿನಲ್ಲಿ ಬೇರೊಂದು ಕಂಪನಿ ಅಂಥದೇ ಕೆಲಸ ಕೊಟ್ಟಿತು. ಪಾತ್ರೆಗಳೆಲ್ಲ ಜೋಡಿಸಿ ಇಟ್ಟಿದ್ದವಲ್ಲ, ಎಬ್ಬಿಸಲು ಒಂದು ಸಂಜೆ ಸಾಕಾಯಿತು. ದೀಪಾವಳಿ ಕಳೆದು ಅವಳು ಆ ಕೆಲಸಕ್ಕೆ ಸೇರಿದಳು, ಅರ್ಧ ದಿನ ಮನೆಯಿಂದ.

ಹೊಸ ಕಂಪನಿ ಹೊಸ ಲ್ಯಾಪ್‌ಟಾಪು ಕೊಟ್ಟಿತು. ಹಳೆಯದು ನನಗೆ ಬಂತು. ಮಣಿಪಾಲದ ಕೆ.ಪಿ. ರಾಯರು ಇಂಗ್ಲಿಷಿನ ಕೀಲಿಮಣೆಯಲ್ಲೇ ಕನ್ನಡ ಹೊಡೆಯುವ ವಿನ್ಯಾಸ ಮಾಡಿಟ್ಟಿದ್ದಾರಲ್ಲ, ಅದರಲ್ಲಿ ಈ ಪ್ರಬಂಧವನ್ನು ಹೊಡೆದಿದ್ದೇನೆ. ಬೇಸರವಾದಾಗ ಮಗಳು ಬರೆದುಕೊಟ್ಟ ಮೂರು ಸಾಲಿನ ಚೀಟಿ ನೋಡಿಕೊಂಡು ಕ್ಲಿನಿಕ್ಕನ್ನು ನಾನೇ ಎಬ್ಬಿಸುತ್ತೇನೆ. ಮೊನ್ನೆ ನಂಗುವಿನ ಹೊತ್ತನ್ನು ಬದಲಿಸಿ, ಅಂಜಲ್ ಡಾಕ್ಟರರಿಗೆ ಮಧ್ಯಾಹ್ನ ಒಂದರಿಂದ ಎರಡು ಊಟದ ವಿರಾಮ ಹಾಕಿದೆ.